ವಿಶ್ವೇಶ್ವರಯ್ಯ ಮತ್ತು ನಮ್ಮ ಸಿಪಿಯು ಫ್ಯಾನ್

ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಚಿಕ್ಕ ವಯಸ್ಸಲ್ಲೇ ತಂದೆ ತೀರಿಕೊಂಡ್ರು. ಬೆಂಗಳೂರಲ್ಲಿ ಮಕ್ಕಳಿಗೆ ಪಾಠ ಹೇಳಿಕೊಟ್ಟು ಓದಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಸರ್ಕಾರಿ ಕೆಲಸಕ್ಕೆ ಸೇರಿದರು.

ಅಲ್ಲಿನ ಖಡಕ್‌ವಾಸ್ಲಾ ಡ್ಯಾಮಲ್ಲಿ ಗೋಡೆ ಎತ್ತರಿಸದೆ ಹೆಚ್ಚು ನೀರು ನಿಲ್ಲಿಸಬೇಕಿತ್ತು. ಆದ್ರೆ ಪ್ರವಾಹ ಬಂದಾಗ ಗೇಟು ತೆರೀದಿದ್ರೆ ಡ್ಯಾಮಿಗೇ ಅಪಾಯ. 1903ರಲ್ಲಿ ಅವರು ರೂಪಿಸಿದ ಆಟೋಮ್ಯಾಟಿಕ್ ಗೇಟುಗಳು ಬಂದವು. ನೀರು ಮಿತಿ ದಾಟಿದ್ರೆ ತಾವೇ ತೆರೀತವೆ, ಇಳಿದ್ರೆ ತಾವೇ ಮುಚ್ತವೆ.

ಗದ್ದಲ ಮಾಡೋ ಡೆಸ್ಕ್‌ಟಾಪ್‌ಗೂ ಇದೇ ಮದ್ದು. ಫ್ಯಾನ್ ಸದಾ ಫುಲ್ ಸ್ಪೀಡಲ್ಲಿ ತಿರುಗಬೇಕಿಲ್ಲ. ಬಯೋಸ್‌ನಲ್ಲಿ ಫ್ಯಾನ್ ಕರ್ವ್ ಸೆಟ್ ಮಾಡಿದ್ರೆ ಬಿಸಿ ಏರಿದಾಗ ಮಾತ್ರ ವೇಗ ಏರುತ್ತೆ. ವೇಗ ಅರ್ಧಕ್ಕಿಳಿದ್ರೆ ಸದ್ದು ಸುಮಾರು 15 ಡೆಸಿಬಲ್ ತಗ್ಗುತ್ತೆ. ತೀರಾ ಇಳಿಸಿದ್ರೆ ಮಾತ್ರ ಪ್ರೊಸೆಸರ್ ಕಾದು ನಿಧಾನವಾಗುತ್ತೆ.

ಮೈಸೂರಿನ ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು ತಂದರು. 1955ರಲ್ಲಿ ಭಾರತರತ್ನ ಸಿಕ್ಕಿತು, 1962ರಲ್ಲಿ ನಿಧನರಾದರು. ಎರಡು ವರ್ಷದ ಮೇಲೆ, ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರ ಹಾದು ಬರೋ ಶರಾವತಿಗೆ ಸಾಗರದ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದಿತು. ಮಳೆಗಾಲದಲ್ಲಿ ಅಲ್ಲೂ ಅದೇ ಪ್ರಶ್ನೆ: ಗೇಟು ಯಾವಾಗ ತೆಗೀಬೇಕು, ಎಷ್ಟು ತೆಗೀಬೇಕು?