‘ಆಕಾಶವಾಣಿ’ಯ ಗೋಪಾಲಸ್ವಾಮಿ

ಡಾ. ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಓದಿ ಬಂದು ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದವರು. 10-9-1935ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ ಪುಟ್ಟ ಬಾನುಲಿ ಕೇಂದ್ರವನ್ನು ತೆರೆದರು. ಅದರ ಹೆಸರು ‘ಆಕಾಶವಾಣಿ’. ಕೈಯಿಂದ ಹಣ ಹಾಕಿ ವರ್ಷಗಟ್ಟಲೆ ನಡೆಸಿದರು. 1942ರಲ್ಲಿ ಮೈಸೂರು ಸರಕಾರ ಅದನ್ನು ವಹಿಸಿಕೊಂಡಿತು. 1955ರಲ್ಲಿ ಕೇಂದ್ರ ಬೆಂಗಳೂರಿಗೆ ಹೋಯಿತು. ಅವರ ಮನೆಯಲ್ಲಿ ಮೊಳಗಿದ ಹೆಸರು ಮುಂದೆ ದೇಶದ ರೇಡಿಯೋಗೇ ಬಂತು.

1953ರಲ್ಲಿ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಸೇರಿದುವು. 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ. ಕಚೇರಿಯ ಭಾಷೆ ಬದಲಾಯಿತು. ಆದರೆ ಬಾನುಲಿಯ ಅಲೆಗೆ ಗಡಿಕಲ್ಲಿಲ್ಲ. ಹೊರಗುಳಿದ ಕನ್ನಡಿಗರ ಮನೆಗೆ ತಾಯ್ನುಡಿಯನ್ನು ತರಬಲ್ಲ ಈ ದಾರಿಗೆ ಮೊದಲ ಕಲ್ಲು ಹಾಸಿದ ಮೇಷ್ಟರನ್ನು ನಮ್ಮ ಮಕ್ಕಳು ಅರಿತಿರಬೇಕು.