ಗಾಂಧೀಜಿಗೂ ಬಾಯಿ ಬರುತ್ತಿರಲಿಲ್ಲ

ನಮ್ಮ ಹೈಸ್ಕೂಲಿನಲ್ಲಿ ಅಕ್ಟೋಬರ್ 2ಕ್ಕೆ ಭಾಷಣ ಸ್ಪರ್ಧೆ ಇರುತ್ತಿತ್ತು. ಎಂಟನೇ ತರಗತಿಯಲ್ಲಿ ನಾನು ಹೆಸರು ಕೊಟ್ಟು, ಆ ದಿನ ಹೊಟ್ಟೆನೋವೆಂದು ಮನೆಯಲ್ಲೇ ಉಳಿದೆ. ಒಂಬತ್ತನೇ ತರಗತಿಯಲ್ಲೂ ಅದೇ ಹೊಟ್ಟೆನೋವು. ಯಾರ ಬಗ್ಗೆ ಮಾತನಾಡಬೇಕಿತ್ತೋ ಆ ಮಹಾತ್ಮರಿಗೂ ಇಂಥದ್ದೇ ಕಾಯಿಲೆ ಇತ್ತೆಂದು ಗೊತ್ತಾದದ್ದು ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, ಅವರ ಆತ್ಮಕಥೆ ಓದಿದಾಗ.

ರಾಜಕೋಟೆಯ ಶಾಲೆಯಲ್ಲಿ ಬಾಲಕ ಮೋಹನದಾಸ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಬಂದು, ಶಾಲೆ ಬಿಟ್ಟೊಡನೆ ಮನೆಗೆ ಓಡಿಬಿಡುತ್ತಿದ್ದ. ಯಾರಾದರೂ ಗೇಲಿ ಮಾಡಿಯಾರೆಂಬ ಭಯ. ರಾತ್ರಿಯಾದರೆ ಕಳ್ಳರ, ದೆವ್ವದ, ಹಾವಿನ ಹೆದರಿಕೆ. ದೀಪವಿಲ್ಲದೆ ನಿದ್ದೆ ಬಾರದು. ದಾದಿ ರಂಭಾ ರಾಮನಾಮ ಹೇಳಿಕೊಟ್ಟಳು. ಎಳೆಯ ವಯಸ್ಸಿನಲ್ಲೇ ಕೈಹಿಡಿದಿದ್ದ ಕಸ್ತೂರಬಾ ಅವರಿಗೆ ಕತ್ತಲೆಯ ಭಯವಿರಲಿಲ್ಲ. ಅವರೆದುರು ತನ್ನ ಹೆದರಿಕೆ ಹೇಳಿಕೊಳ್ಳಲು ಗಂಡನಿಗೆ ನಾಚಿಕೆ.

1888ರಲ್ಲಿ ಬ್ಯಾರಿಸ್ಟರ್ ಓದಲು ಹಡಗು ಹತ್ತಿದರು. ಯಾವ ಅಡುಗೆಯಲ್ಲಿ ಮಾಂಸವಿಲ್ಲ ಎಂದು ಕೇಳಲು ಬಾಯಿ ಬಾರದೆ, ಜೊತೆಗೆ ತಂದಿದ್ದ ಸಿಹಿತಿಂಡಿ, ಹಣ್ಣುಗಳನ್ನೇ ಹೆಚ್ಚಾಗಿ ತಿಂದು ದಿನ ಕಳೆದರು. ಲಂಡನ್ನಿನ ಸಸ್ಯಾಹಾರಿ ಸಂಘದ ಸಮಿತಿಗೆ ಸೇರಿದರೂ ಸಭೆಯಲ್ಲಿ ತುಟಿ ತೆರೆಯುತ್ತಿರಲಿಲ್ಲ. ಅಭಿಪ್ರಾಯಭೇದಕ್ಕಾಗಿ ಒಬ್ಬ ಸದಸ್ಯರನ್ನು ತೆಗೆಯಲು ಹೊರಟಾಗ ಅದು ತಪ್ಪೆನಿಸಿ, ತಮ್ಮ ಮಾತನ್ನು ಬರೆದು ತಂದರು. ಓದಲಾಗಲಿಲ್ಲ, ಬೇರೆಯವರು ಓದಿದರು. ವೆಂಟ್ನರ್ ಎಂಬ ಊರಿನಲ್ಲಿ ಒಂದೇ ಹಾಳೆಯ ಭಾಷಣ ಹಿಡಿದು ನಿಂತರೆ ಕಣ್ಣು ಮಂಜಾಗಿ ಮೈ ನಡುಗಿತು. ಅದನ್ನೂ ಜೊತೆಗಿದ್ದವರೇ ಓದಬೇಕಾಯಿತು.

ಇಷ್ಟನ್ನು ಬರೀ ಸಂಕೋಚ ಎನ್ನಬಹುದು. ಅದು ಬದುಕಿಗೇ ಅಡ್ಡ ನಿಂತದ್ದು ಮುಂಬಯಿಯಲ್ಲಿ. ಹೊಸ ಬ್ಯಾರಿಸ್ಟರಿಗೆ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಮೊಕದ್ದಮೆ, ಫೀಜು 30 ರೂಪಾಯಿ. ಪಾಟೀಸವಾಲಿಗೆ ಎದ್ದು ನಿಂತರು. ತಲೆ ಸುತ್ತಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ, ಕುಳಿತುಬಿಟ್ಟರು. ಬೇರೆ ವಕೀಲರನ್ನು ಹಿಡಿಯಿರಿ, ಫೀಜು ವಾಪಸು ಕೊಡುತ್ತೇನೆ ಎಂದು ಹೇಳಿ ಹೊರಟವರು, ಕಕ್ಷಿ ಗೆದ್ದರೋ ಸೋತರೋ ತಿಳಿಯಲೂ ನಿಲ್ಲಲಿಲ್ಲ. ಆಮೇಲೆ ಒಂದು ಹೈಸ್ಕೂಲಿನಲ್ಲಿ ದಿನಕ್ಕೊಂದು ಗಂಟೆ ಇಂಗ್ಲಿಷ್ ಕಲಿಸುವ, 75 ರೂಪಾಯಿ ಸಂಬಳದ ಕೆಲಸಕ್ಕೆ ಅರ್ಜಿ ಹಾಕಿದರು. ಪದವಿ ಇಲ್ಲವೆಂದು ಅದೂ ಸಿಗಲಿಲ್ಲ. ನಮ್ಮ ಮೇಷ್ಟ್ರುಗಳು ಇದನ್ನು ಓದಿ ನಗಬಹುದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಭಾಗ. ರಾಜಕೋಟೆಗೆ ಮರಳಿ ಜನರಿಗೆ ಅರ್ಜಿ, ಮನವಿ ಬರೆದುಕೊಡತೊಡಗಿದರು. ತಿಂಗಳಿಗೆ ಸುಮಾರು 300 ರೂಪಾಯಿ! ಕೋರ್ಟಿನಲ್ಲಿ ಬಾಯಿ ತೆರೆಯಬೇಕಾಗಿಲ್ಲ, ಮನೆಯೂ ನಡೆಯುತ್ತದೆ. ಕೋರ್ಟಿನಲ್ಲಿ ತಲೆ ಸುತ್ತಿದಾಗ ಅದು ಭಯವೆಂದು ಯಾರಿಗೂ ಗೊತ್ತಾಗುತ್ತದೆ. ತಿಂಗಳು ತಿಂಗಳು ಹಣ ಬರುತ್ತಿದ್ದರೆ ಗೊತ್ತಾಗುವುದು ಕಷ್ಟ. ಎರಡು ಸಲ ನಾನು ತಂಡದ ಮುಂದಾಳುತನ ಬೇಡವೆಂದೆ. ಕೋಡ್ ಬರೆಯುವುದೇ ನನಗಿಷ್ಟ ಎಂದೆ. ಇಷ್ಟವೇನೋ ನಿಜ. ಆದರೆ ವಿದೇಶದ ಗ್ರಾಹಕರೆದುರು ಇಂಗ್ಲಿಷಿನಲ್ಲಿ ಮಾತನಾಡಬೇಕಲ್ಲ ಎಂಬ ಹೊಟ್ಟೆನೋವು ಅದರ ಹಿಂದಿತ್ತು.

ರಾಜಕೋಟೆಯ ಒಳಸಂಚುಗಳು ಗಾಂಧೀಜಿಗೆ ಒಗ್ಗಲಿಲ್ಲ. 1893ರಲ್ಲಿ ದಾದಾ ಅಬ್ದುಲ್ಲಾ ಕಂಪನಿಯ ಕೆಲಸಕ್ಕೆ ದಕ್ಷಿಣ ಆಫ್ರಿಕಕ್ಕೆ ಹೋದರು. ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಅವರನ್ನು ರೈಲಿನಿಂದ ತಳ್ಳಿದ ಕಥೆ ಎಲ್ಲರಿಗೂ ಗೊತ್ತು. ಆ ರಾತ್ರಿಯ ಇನ್ನೊಂದು ಸಂಗತಿಯನ್ನು ನಾನು ಯಾವ ಭಾಷಣದಲ್ಲೂ ಕೇಳಿರಲಿಲ್ಲ. ಕೊರೆಯುವ ಚಳಿ, ಓವರ್‌ಕೋಟು ರೈಲ್ವೆಯವರ ವಶದಲ್ಲಿದ್ದ ಸಾಮಾನಿನಲ್ಲಿತ್ತು. ಮತ್ತೆ ಅವಮಾನ ಮಾಡಿಯಾರೆಂದು ಅದನ್ನು ಕೇಳಲು ಅವರಿಗೆ ಧೈರ್ಯ ಬರಲಿಲ್ಲ. ನಡುಗುತ್ತಲೇ ಯೋಚಿಸಿದರು: ಊರಿಗೆ ಹಿಂತಿರುಗಲೇ, ಒಪ್ಪಿಕೊಂಡ ಕೆಲಸಕ್ಕೆ ಪ್ರಿಟೋರಿಯಾಕ್ಕೆ ಹೋಗಲೇ? ಕೆಲಸ ಮುಗಿಸದೆ ಓಡುವುದು ಹೇಡಿತನವೆಂದು ತೀರ್ಮಾನಿಸಿದರು. ಕೋಟು ಕೇಳಲಾರದವರೇ ಹಾಗೆ ತೀರ್ಮಾನಿಸಿದರು.

ಪ್ರಿಟೋರಿಯಾದಲ್ಲಿ ಭಾರತೀಯರನ್ನು ಸೇರಿಸಿ, ವ್ಯಾಪಾರದಲ್ಲಿ ಸತ್ಯದ ಬಗ್ಗೆ ಮಾತನಾಡಿದರು. ಅದು ಅವರ ಮೊದಲ ಸಾರ್ವಜನಿಕ ಭಾಷಣ. ಇಂಗ್ಲಿಷ್ ಕಲಿಸುತ್ತೇನೆಂದೂ ಹೇಳಿದರು. ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಯವ ಮುಂದೆ ಬಂದರು. ಅವರಿದ್ದಲ್ಲಿಗೇ ಹೋಗಿ ಕಲಿಸಿದರು. ಸಂಕೋಚ ಪೂರ್ತಿ ಬಿಟ್ಟುಹೋಗಲಿಲ್ಲ. ಅಪರಿಚಿತ ಸಭೆಯೆದುರು ಹಿಂಜರಿಕೆ ಆಮೇಲೂ ಇತ್ತು. 1924ರಲ್ಲಿ ನಮ್ಮ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದವರು ಇವರೇ.

ಕಳೆದ ವರ್ಷ ಮೂರನೇ ಸಲ ಕೇಳಿದಾಗ ನಾನು ಒಪ್ಪಿಕೊಂಡೆ. ಮೊದಲ ಸಭೆಯಲ್ಲಿ ಧ್ವನಿ ನಡುಗಿತು.