ಬಂಗಾರಪೇಟೆಗೆ ಹೆಸರು ಬಿಟ್ಟುಹೋದ ಬೌರಿಂಗ್ ಸಾಹೇಬರು

ಬಂಗಾರಪೇಟೆ ಎಂದಾಕ್ಷಣ ಅದು ಪಕ್ಕದ ಚಿನ್ನದ ಗಣಿಯಿಂದ ಬಂದ ಹೆಸರೆಂದೇ ಹೆಚ್ಚಿನವರು ತಿಳಿಯುತ್ತಾರೆ. ಹಾಗೆ ತಿಳಿಯುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಕೋಲಾರ ಚಿನ್ನದ ಗಣಿಯ ಕಡೆಗೆ ರೈಲುಹಾದಿ ಕವಲೊಡೆಯುವುದೇ ಆ ಊರಿನಲ್ಲಿ. ಆದರೆ ಹಿರಿಯರನ್ನು ವಿಚಾರಿಸಿದರೆ, ಹಳೆಯ ಕಾಗದಪತ್ರಗಳನ್ನು ತೆರೆದರೆ, ಸಿಗುವ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಅವರ ಹೆಸರದು. ಅವರಿಗೂ ಬಂಗಾರಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಲೆವಿನ್ ಬೌರಿಂಗ್ ಹುಟ್ಟಿದ್ದು 1824ರಲ್ಲಿ, ಇಂಗ್ಲೆಂಡಿನಲ್ಲಿ. ಅವರ ಹೆಸರೇ ಒಂದು ಸಣ್ಣ ವಂಶಾವಳಿ. ಲೆವಿನ್ ಎಂಬುದು ತಾಯಿ ಮರಿಯಾ ಅವರ ತವರಿನ ಮನೆತನದ ಹೆಸರು. ಬೆಂಥಮ್ ಎಂಬುದು ತಂದೆಯ ಗುರುಸಮಾನ ಸ್ನೇಹಿತನಾದ ತತ್ವಜ್ಞಾನಿ ಜೆರೆಮಿ ಬೆಂಥಮ್‌ನ ಹೆಸರು. ನಮ್ಮಲ್ಲಿ ಅಜ್ಜನ ಹೆಸರನ್ನೂ ಸಂತರ ಹೆಸರನ್ನೂ ಜೋಡಿಸಿ ಮಗುವಿಗೆ ಇಡುವುದಿಲ್ಲವೇ, ಹಾಗೆಯೇ.

ತಂದೆ ಸರ್ ಜಾನ್ ಬೌರಿಂಗ್ ಮಗನಿಗಿಂತ ದೊಡ್ಡ ಹೆಸರು ಮಾಡಿದವರು. ಅನೇಕ ಭಾಷೆಗಳ ಹುಚ್ಚು ಹಿಡಿದ ಮನುಷ್ಯ. ಯೂನಿಟೇರಿಯನ್ ಪಂಥಕ್ಕೆ ಸೇರಿದವರಾದರೂ ಕ್ರಿಸ್ತನ ಶಿಲುಬೆಯ ಮಹಿಮೆಯನ್ನು ಕುರಿತು ಅವರು ಬರೆದ ಗೀತೆಯನ್ನು ಇಂದಿಗೂ ಇಂಗ್ಲಿಷ್ ದೇವಾಲಯಗಳಲ್ಲಿ ಹಾಡುತ್ತಾರೆ. ಮಕಾವ್‌ನಲ್ಲಿ ಸುಟ್ಟುಹೋದ ಸಂತ ಪೌಲರ ದೇವಾಲಯದ ಮೇಲೆ ಉಳಿದಿದ್ದ ಶಿಲುಬೆಯನ್ನು ಕಂಡು ಬರೆದರೆಂಬ ಕಥೆಯೂ ಪ್ರಚಾರದಲ್ಲಿದೆ. ಕಥೆ ಚೆನ್ನಾಗಿದೆ, ಆದರೆ ಲೆಕ್ಕಕ್ಕೆ ಹೊಂದುವುದಿಲ್ಲ. ಗೀತೆ ಅಚ್ಚಾದದ್ದು 1825ರಲ್ಲಿ, ಆ ದೇವಾಲಯ ಸುಟ್ಟದ್ದು 1835ರಲ್ಲಿ, ಜಾನ್ ಬೌರಿಂಗ್ ಚೀನಾದ ಕಡೆಗೆ ಹೊರಟದ್ದು 1849ರಲ್ಲಿ!

1854ರಿಂದ 1859ರವರೆಗೆ ಜಾನ್ ಬೌರಿಂಗ್ ಹಾಂಗ್‌ಕಾಂಗಿನ ಗವರ್ನರ್ ಆಗಿದ್ದರು. ಶಾಂತಿಯ ಪರವಾಗಿ ಮಾತನಾಡುತ್ತಿದ್ದ ಈ ವ್ಯಕ್ತಿಯೇ 1856ರಲ್ಲಿ ಎರಡನೆಯ ಅಫೀಮು ಯುದ್ಧಕ್ಕೆ ಕಾರಣರಾದರು. ಆ ಅಧ್ಯಾಯವನ್ನು ಹೊಗಳಲು ಮನಸ್ಸು ಬಾರದು. ಅದರ ಪೆಟ್ಟು ಅವರ ಮನೆಗೂ ತಟ್ಟಿತು. 1857ರ ಜನವರಿಯಲ್ಲಿ ಅಲ್ಲಿನ ಐರೋಪ್ಯರ ರೊಟ್ಟಿಯಲ್ಲಿ ಪಾಷಾಣ ಬೆರೆತು ನೂರಾರು ಜನ ಹಾಸಿಗೆ ಹಿಡಿದರು. ಲೆವಿನ್ನರ ತಾಯಿಯೂ ಅವರಲ್ಲಿ ಒಬ್ಬರು. ಇಂಗ್ಲೆಂಡಿಗೆ ಮರಳಿದ ಆಕೆ 1858ರಲ್ಲಿ ತೀರಿಕೊಂಡರು.

ಇನ್ನು ತಂಗಿ ಎಮಿಲಿಯ ಸಂಗತಿ. ಆಕೆ ಕಥೋಲಿಕ ವಿಶ್ವಾಸವನ್ನು ಸ್ವೀಕರಿಸಿದ್ದಳು. ತಂದೆ ಅಧಿಕಾರ ಮುಗಿಸಿ ಊರಿಗೆ ಹೊರಟಾಗ ಆಕೆ ಹಾಂಗ್‌ಕಾಂಗಿನಲ್ಲೇ ಉಳಿದಳು. 1860ರಲ್ಲಿ ಇಟಲಿಯಿಂದ ಬಂದಿಳಿದ ಕನೊಸ್ಸಿಯನ್ ಕನ್ಯಾಸ್ತ್ರೀಯರನ್ನು ಸೇರಿ ಸಿಸ್ಟರ್ ಅಲೋಷಿಯಾ ಆದಳು. ಅವರು ತೆರೆದ ಶಾಲೆಗೆ ಮೊದಲ ಮುಖ್ಯೋಪಾಧ್ಯಾಯಿನಿಯೂ ಆಕೆಯೇ. ಗವರ್ನರನ ಮಗಳು ತಂದೆಯ ಮನೆತನದ ಹೆಸರನ್ನು ಬಿಟ್ಟು ಸಂತ ಅಲೋಷಿಯಸರ ಹೆಸರನ್ನು ಹೊತ್ತು, ಬಡ ಹೆಣ್ಣುಮಕ್ಕಳ ನಡುವೆ ಹತ್ತು ವರ್ಷ ದುಡಿದು, 1870ರಲ್ಲಿ 37ನೆಯ ವಯಸ್ಸಿನಲ್ಲಿ ಅಲ್ಲಿಯೇ ಕಣ್ಣುಮುಚ್ಚಿದಳು. ಈ ಸಂಸಾರದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾಗುವವಳು ಈಕೆಯೇ.

ಲೆವಿನ್ 1843ರಲ್ಲಿ ಬಂಗಾಳದ ಸಿವಿಲ್ ಸರ್ವಿಸ್ ಸೇರಿ, ಪಂಜಾಬಿನಲ್ಲಿ ಕೆಲಸ ಮಾಡಿ, 1858ರಿಂದ ಲಾರ್ಡ್ ಕ್ಯಾನಿಂಗ್ ಅವರ ಆಪ್ತ ಕಾರ್ಯದರ್ಶಿಯಾಗಿದ್ದರು. 1862ರಲ್ಲಿ ಮೈಸೂರಿಗೆ ಬಂದಾಗ ರಾಜ್ಯ ಇನ್ನೂ ಕಬ್ಬನ್ ಸಾಹೇಬರ ಕಾಲದ ಹಳೆಯ ಕ್ರಮದಲ್ಲೇ ನಡೆಯುತ್ತಿತ್ತು. ಅವರು ಅದನ್ನು ನಂದಿದುರ್ಗ, ಅಷ್ಟಗ್ರಾಮ, ನಗರ ಎಂದು ಮೂರು ವಿಭಾಗ ಮಾಡಿದರು. ಕೋಲಾರ ನಂದಿದುರ್ಗಕ್ಕೆ ಸೇರಿತು. ಭೂಮಿಯ ಸರ್ವೆ ಆರಂಭವಾಯಿತು. ಬೆಂಗಳೂರಿನ ಅಠಾರಾ ಕಚೇರಿ ಎದ್ದದ್ದು ಆ ಕಾಲದಲ್ಲೇ. ಹೋಬಳಿಗೊಂದು ಶಾಲೆ ಎಂಬ ಯೋಜನೆಯೂ ಆಗಲೇ ಹುಟ್ಟಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಎಲ್ಲರಿಗೂ ಗೊತ್ತು. ಆದರೆ ಕನ್ನಡಿಗರು ನೆನೆಯಬೇಕಾದ ಇನ್ನೊಂದು ಉಪಕಾರ ಅಷ್ಟಾಗಿ ತಿಳಿದಿಲ್ಲ. 1865ರಲ್ಲಿ ಅವರು ಮೇಜರ್ ಡಿಕ್ಸನ್ ಎಂಬ ಅಧಿಕಾರಿಯಿಂದ ಸೀಮೆಯ ಶಾಸನಗಳ ಫೋಟೋ ತೆಗೆಸಿದರು. ಅವುಗಳನ್ನು ಓದಿಸುತ್ತಾ ಹೋದ ಬಿ. ಎಲ್. ರೈಸ್ 1879ರಲ್ಲಿ ಮೈಸೂರು ಶಾಸನಗಳ ಪುಸ್ತಕ ತಂದರು. ಮುಂದೆ ಶಾಸನ ಸಂಪುಟಗಳ ದೊಡ್ಡ ಸಾಲೇ ಬಂತು. ಊರುಗಳ ಹಳೆಯ ಹೆಸರುಗಳು, ಕೋಲಾರವು ಕುವಲಾಲ ಆಗಿದ್ದುದು, ಎಲ್ಲವೂ ನಮಗೆ ತಿಳಿದದ್ದು ಇಂಥ ಕಲ್ಲುಗಳಿಂದಲೇ.

1864ರಲ್ಲಿ ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂತು. ದಾರಿಯ ಒಂದು ನಿಲ್ದಾಣದ ಸುತ್ತ ಬೆಳೆದ ಪೇಟೆಗೆ ಕಮಿಷನರರ ಹೆಸರು ಬಿತ್ತು.

ಅದೇ ದಶಕದಲ್ಲಿ ತಂದೆ ಜಾನ್ ಬೌರಿಂಗ್ ಇನ್ನೊಂದು ವಿಚಿತ್ರ ಉದ್ಯೋಗ ಹಿಡಿದಿದ್ದರು. ಶಾಂತಸಾಗರದ ನಡುವಿನ ಹವಾಯಿ ದ್ವೀಪಗಳು ಆಗ ಸ್ವತಂತ್ರ ರಾಜ್ಯ. ಅದರ ಪ್ರತಿನಿಧಿಯಾಗಿ ಅವರು ಬೆಲ್ಜಿಯಂ, ಇಟಲಿ, ಸ್ಪೇನ್, ಸ್ವಿಜರ್ಲೆಂಡ್ ಮುಂತಾದ ದೇಶಗಳೊಡನೆ ಒಪ್ಪಂದಗಳನ್ನು ಮಾಡಿಸಿದರು. ತಮಾಷೆಯೆಂದರೆ, ಆ ನಾಡಿನ ಭಾಷೆಯಲ್ಲಿ ಬೌರಿಂಗ್ ಎಂಬ ಹೆಸರನ್ನು ಬರೆಯಲೂ ಬಾರದು. ಅದರಲ್ಲಿ ಬ ಇಲ್ಲ, ರ ಇಲ್ಲ, ಗ ಇಲ್ಲ. ಐದು ಸ್ವರ, ಎಂಟು ವ್ಯಂಜನಗಳಲ್ಲಿ ಅವರ ಮಾತೆಲ್ಲ ಮುಗಿಯುತ್ತದೆ. ಪ್ರತಿ ಅಕ್ಷರವೂ ಸ್ವರದಲ್ಲೇ ನಿಲ್ಲಬೇಕು. ನಾವು ಬಸ್ಸು, ಕಾರು, ಪೆನ್ನು ಎನ್ನುವುದಿಲ್ಲವೇ? ಮರಿಯಾ ಅಲ್ಲಿ ಮಾಲಿಯಾ. ಕ್ರಿಸ್‌ಮಸ್ ಕಲಿಕಿಮಾಕಾ. 1864ರಲ್ಲಿಯೇ ಹೊನೊಲುಲುವಿನಲ್ಲಿ ಇಳಿದು, ಅಲ್ಲಿಯೇ ಗುರುದೀಕ್ಷೆ ಪಡೆದು, ಮುಂದೆ ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ಸೇವೆಯಲ್ಲಿ ಪ್ರಾಣಕೊಟ್ಟ ಫಾದರ್ ಡೇಮಿಯನ್ನರನ್ನು ಆ ಜನ ಕಮಿಯಾನೊ ಎಂದು ಕರೆದರು. 2009ರಲ್ಲಿ ಸಂತಪದವಿ ಪಡೆದ ಡೇಮಿಯನ್ನರು ರೋಗಿಗಳ ಬಾಯಲ್ಲಿ ಕೇಳಿದ ಹೆಸರು ಇದೇ.

ನಮ್ಮ ಕಡೆಯೂ ಹೀಗೆಯೇ ಆಗಿದೆ. ಗಣಿಯ ಕ್ರೈಸ್ತ ಮನೆಗಳಲ್ಲಿ ಚಿನ್ನಪ್ಪ ಎಂಬ ಹೆಸರು ಅಪರೂಪವಲ್ಲ. ಕನ್ನಡದ ಕಿವಿಗೆ ಅದು ಬಂಗಾರದ ಹೆಸರು. ಆದರೆ ತಮಿಳಿನ ಚಿನ್ನಪ್ಪರ್ ಎಂದರೆ ಸಂತ ಪೌಲರು. ಪೌಲುಸ್ ಎಂಬ ಲತೀನ್ ಪದಕ್ಕೆ ಚಿಕ್ಕವನು ಎಂದು ಅರ್ಥ. ಅರುಳಪ್ಪ ಯೊವಾನ್ನರು, ಏಕೆಂದರೆ ಆ ಹೆಸರಿನೊಳಗೆ ದೇವರ ಕೃಪೆ ಇದೆ. ಚೌರಪ್ಪ ಎಂದರೆ ಕ್ಷೇವಿಯರ್. ಸ್ಪೇನಿನ ಬಾಸ್ಕ್ ಭಾಷೆಯಲ್ಲಿ ಅದು ಹೊಸ ಮನೆ ಎಂಬ ಊರಹೆಸರು.

1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡಾಗ ದತ್ತುಪುತ್ರ ಚಾಮರಾಜೇಂದ್ರರು ಇನ್ನೂ ಬಾಲಕರು; ಆಡಳಿತದ ಹೊಣೆ ಬೌರಿಂಗ್ ಅವರ ಮೇಲೆಯೇ ಇತ್ತು. ಎರಡು ವರ್ಷಗಳ ನಂತರ, ತಂಗಿ ಹಾಂಗ್‌ಕಾಂಗಿನಲ್ಲಿ ತೀರಿಕೊಂಡ ವರ್ಷದಲ್ಲೇ, ಅವರು ಮೈಸೂರನ್ನು ಬಿಟ್ಟರು.

ಮರುವರ್ಷ, 1871ರಲ್ಲಿ, ಮೈಕಲ್ ಲವೆಲ್ ಎಂಬ ನಿವೃತ್ತ ಐರಿಷ್ ಸೈನಿಕ ಬೆಂಗಳೂರಿನಿಂದ ಎತ್ತಿನ ಗಾಡಿಯಲ್ಲಿ ಕೋಲಾರದ ಕಡೆಗೆ ಹೊರಟ. ಆತ ನ್ಯೂಜಿಲೆಂಡಿನ ಮಾವೊರಿ ಯುದ್ಧದಲ್ಲಿ ಹೋರಾಡಿ ಬಂದವನು. ಮಾವೊರಿ ಭಾಷೆ ಹವಾಯಿ ಭಾಷೆಗೆ ಸೋದರಿ. ಅಲ್ಲಿ ಅಲೋಹಾ ಎಂಬ ಪ್ರೀತಿಯ ಮಾತು ಇಲ್ಲಿ ಅರೋಹಾ, ನೀರಿಗೆ ಎರಡರಲ್ಲೂ ವಾಯ್. 1875ರಲ್ಲಿ ಲವೆಲ್‌ಗೆ ಗಣಿ ಅಗೆಯುವ ಪರವಾನಗಿ ಸಿಕ್ಕಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಓಡಿತು. ಆ ಮೇಲೆ ಬೌರಿಂಗ್ ಬಂಗಾರವಾಗಲು ಎಷ್ಟು ಹೊತ್ತು? ಮೊದಲ ಅಕ್ಷರಗಳು ಹತ್ತಿರವೇ ಇದ್ದವು. ಅರ್ಥವನ್ನು ಗಣಿ ಒದಗಿಸಿತು.

ಬೌರಿಂಗ್ ಸಾಹೇಬರು ಇಂಗ್ಲೆಂಡಿನಲ್ಲಿ ಕುಳಿತು ತಮ್ಮ ಪೂರ್ವದೇಶದ ಅನುಭವಗಳನ್ನು ಬರೆದರು. 1893ರಲ್ಲಿ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಮೇಲೆ ಒಂದು ಪುಸ್ತಕ ತಂದರು. ಹೈದರ್ ಹುಟ್ಟಿದ ಬೂದಿಕೋಟೆ ಇರುವುದು ಬಂಗಾರಪೇಟೆ ತಾಲ್ಲೂಕಿನಲ್ಲೇ. 1910ರಲ್ಲಿ, 85ನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಬಂಗಾರಪೇಟೆಯ ಹೆಸರಿನಲ್ಲಿ ಬಂಗಾರ ಉಳಿದಿದೆ. ಸಾಹೇಬರ ಹೆಸರನ್ನು ಕಾಣಬೇಕಾದರೆ ರೈಲು ಟಿಕೆಟ್ ನೋಡಬೇಕು: ಆ ನಿಲ್ದಾಣದ ಸಂಕೇತಾಕ್ಷರಗಳು ಇಂದಿಗೂ ಬಿ ಡಬ್ಲ್ಯು ಟಿ.